ಬಣ್ಣದಣ್ಣನ ಕಣ್ಣು

ಕೊನೆಯ ದಿನ ಬಣ್ಣದಣ್ಣ ಖುಷಿಯಾಗಿದ್ದ. ಗ್ಯಾರೇಜಿಗೆ ಹಳೆಯ ಹಸಿರು ಸ್ಕೂಟರೊಂದು ಬಂದಿತ್ತು. ಬಿಸಿಲಿಗೆ ಮಾಸಿ ಅದರ ಹಸಿರು ಹಸಿರಾಗಿ ಉಳಿದಿರಲಿಲ್ಲ. ಅವನು ಒಂದು ಬಣ್ಣ ಕಲಸಿದ, ಗ್ಯಾರೇಜಿನ ಎಐ ಟ್ಯಾಬು ಇನ್ನೊಂದು ಹೇಳಿತು. ಎರಡನ್ನೂ ತಗಡಿನ ಚೂರುಗಳಿಗೆ ಹೊಡೆದು, ಒಣಗಿಸಿ, ಸ್ಕೂಟರಿಗೆ ಹಿಡಿದು ನೋಡಿದರೆ ಟ್ಯಾಬಿನದೇ ಹೊಂದುತ್ತಿತ್ತು.

"ಇವತ್ತು ಅದೇ ಗೆದ್ದಿತು ಕಣೇ. ನಾನು ಹಳದಿ ಜಾಸ್ತಿ ಹಾಕಿಬಿಟ್ಟೆ."

"ಸೋತು ಇಷ್ಟು ಹಲ್ಲು ಬಿಡೋರನ್ನ ನಾನು ನೋಡಿಲ್ಲ ಬಿಡಿ," ಎಂದಳು ಹೆಂಡತಿ.

"ಎಲ್ಲಿ ಸೋತೆ ಅಂತ ಗೊತ್ತಾಯ್ತಲ್ಲ, ಅದಕ್ಕೆ."

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಅವನ ಕೆಲಸ ಬಣ್ಣ ಕಲಸುವುದು. ಕಾರಿನ ಬಾಗಿಲು ನೆಗ್ಗಿದರೆ ತಟ್ಟಿ ನೆಟ್ಟಗೆ ಮಾಡುವವನು ಬೇರೆ. ಆ ಬಾಗಿಲಿಗೆ ಉಳಿದ ಮೈಯ ಬಣ್ಣವನ್ನೇ ತರಬೇಕಾದವನು ಇವನು. ಹೊಸ ಬಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಬಿಸಿಲು ತಿಂದ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ಕಲಸಬೇಕು. ಗ್ಯಾರೇಜಿನಲ್ಲಿ ಎಲ್ಲರಿಗೂ ಅವನು ಬಣ್ಣದಣ್ಣ. ಹೆಂಡತಿ ಅಲ್ಲೇ ಡಬ್ಬಿ, ಬ್ರಷ್ಷು, ಸ್ಪ್ರೇ ಗನ್ನು ತೊಳೆಯುತ್ತಿದ್ದಳು. ಅವಳ ಓದು ಬರಹ ಅಷ್ಟಕ್ಕಷ್ಟೇ.

ಕೆಲವು ವರ್ಷಗಳ ಹಿಂದೆ ಮಾಲೀಕ ಆ ಎಐ ಇರುವ ಟ್ಯಾಬು ತಂದ. ಕ್ಯಾಮೆರಾ ಹಿಡಿದರೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಹೇಳಿಬಿಡುತ್ತಿತ್ತು. ಕೆಲಸ ಬೇಗ ಆಯಿತು, ಬಣ್ಣ ದಂಡವಾಗುವುದು ತಪ್ಪಿತು. ಅದನ್ನು ಬೈದರೆ ಬಾಯಲ್ಲಿ ಹುಳ ಬಿದ್ದೀತು. ಅದು ಬಂದ ಮೇಲೆ ಹದಗೆಟ್ಟವನು ಇವನು.

ಮೊದಮೊದಲು ತಾನು ಕಲಸಿದ ಮೇಲೆ ಅದನ್ನು ಕೇಳುತ್ತಿದ್ದ. ಆಮೇಲೆ ಕಲಸುವ ಮೊದಲೇ ಕೇಳತೊಡಗಿದ. ಕೊನೆಕೊನೆಗೆ ಬರೀ ಕೇಳುವುದೇ ಉಳಿಯಿತು. ಅದು ಬಹುಪಾಲು ಸರಿಯೇ ಹೇಳುತ್ತಿತ್ತು. ಇವನೇ ಕಲಸಿದ್ದರೂ ಬಹುಪಾಲು ಸರಿಯೇ ಬರುತ್ತಿತ್ತು. ಆದರೆ ಸರಿ ಬಂದದ್ದೆಲ್ಲ ಅದರ ಪಾಲಿಗೆ ಹೋಯಿತು. ಆ ಚಾಳಿ ಮನೆಗೂ ಬಂತು. ಪರದೆ ಬಟ್ಟೆ ಕೊಳ್ಳಲು ಹೋದರೆ, "ನೀನೇ ಆರಿಸು, ನನಗೇನು ತಿಳಿಯುತ್ತೆ" ಎಂದು ಅಂಗಡಿಯ ಬಾಗಿಲಲ್ಲೇ ನಿಂತುಬಿಡುತ್ತಿದ್ದ.

ಟ್ಯಾಬಿಗೆ ಅವಳು ಸವತಿ ಎಂದು ಹೆಸರಿಟ್ಟಳು.

"ಏನಂದಳು ರೀ ನಿಮ್ಮ ಎರಡನೆಯವಳು? ಉಸಿರಾಡೋದಾದ್ರೂ ಅವಳನ್ನ ಕೇಳದೆ ಆಡ್ತೀರೋ, ಇಲ್ವೋ?"

ಗ್ಯಾರೇಜೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ, ತಲೆ ತಗ್ಗಿಸಿ.

ಹೀಗಿರುವಾಗ ಬೆಳ್ಳಿ ಹೊಳಪಿನ ಬೂದು ಕಾರೊಂದು ಬಂತು. ಅಂಥ ಬಣ್ಣ ಮಹಾ ಗಯ್ಯಾಳಿ. ಎದುರು ನಿಂತರೆ ಒಂದು ಮುಖ, ಪಕ್ಕಕ್ಕೆ ಸರಿದರೆ ಇನ್ನೊಂದು. ಟ್ಯಾಬು ಹೇಳಿದ ಹಾಗೆಯೇ ಕಲಸಿ ಬಾಗಿಲಿಗೆ ಹೊಡೆದರು. ಸಂಜೆ ಕಾರಿನವನು ಬಂದು ಸುತ್ತ ಒಂದು ಸುತ್ತು ಹಾಕಿದ.

"ಇದೇನ್ರೀ, ಬೇರೆ ಕಾರಿನ ಬಾಗಿಲು ತಂದು ಸಿಕ್ಕಿಸಿದ್ದೀರಾ?"

"ಹೋಗ್ಲಿ ಬಿಡಣ್ಣ, ಮಷೀನು, ಒಂದೊಂದು ಸಲ ತಪ್ಪುತ್ತೆ. ನಾಳೆ ಮತ್ತೆ ಹೊಡೆಯೋಣ," ಎಂದ ಮಾಲೀಕ, ಬಣ್ಣದಣ್ಣನ ಕಡೆ ತಿರುಗಿ.

ಅವನು ಡಬ್ಬಿಗೆ ಮುಚ್ಚಳ ಹಾಕಿದ. ಮನೆಯ ದಾರಿಯಲ್ಲಿ ಹೆಂಡತಿಗೆ ಹೇಳಿದ.

"ನನಗೆ ಹೊಡೆಯೋಕೆ ಮೊದಲೇ ಗೊತ್ತಾಗಿತ್ತು ಕಣೇ. ಕಲಸಿದ ಬಣ್ಣ ಪಕ್ಕದಿಂದ ನೋಡಿದ್ರೆ ಕಪ್ಪಗೆ ಕಾಣ್ತಿತ್ತು."

"ಮತ್ತೆ ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ರಿ?"

"ಅದು ಹೇಳಿದ ಮೇಲೆ ನನ್ನ ಕಣ್ಣೇ ಸರಿಯಿಲ್ಲವೇನೋ ಅನ್ನಿಸ್ತು. ವಯಸ್ಸಾಯ್ತಲ್ಲ."

ಅವಳು ನಡುರಸ್ತೆಯಲ್ಲೇ ನಿಂತಳು. ತಲೆ ಸವರಿ ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಕಣ್ಣಿಗೆ ಏನೂ ಆಗಿಲ್ಲ. ಕಂಡದ್ದನ್ನ ಹೇಳೋಕೆ ಹೆದರ್ತಿದ್ದೀರಿ, ಅಷ್ಟೆ. ನಾಳೆಯಿಂದ ಮೊದಲು ನೀವು ಕಲಸಿ, ತಗಡಿಗೆ ಹೊಡೆದು ನನ್ನ ಕೈಗೆ ಕೊಡಿ. ಆಮೇಲೆ ಅವಳನ್ನ ಕೇಳಿ. ಅವಳದೇ ಚೆನ್ನಾಗಿದ್ರೆ ಅವಳದೇ ಹೊಡೀರಿ, ಯಾರು ಬೇಡ ಅಂದ್ರು?"

"ನನ್ನದು ತಪ್ಪಾದ್ರೆ?"

"ಆಗ್ಲಿ. ತಪ್ಪಬೇಕು ಅಂದ್ರೂ ಮೊದಲು ಏನಾದ್ರೂ ಹೇಳಿರ್ಬೇಕಲ್ಲ."

ಮರುದಿನ ಬೂದು ಬಣ್ಣ ಅವನೇ ಕಲಸಲು ಕುಳಿತ. ಮೊದಲನೆಯದು ಹೊಂದಲಿಲ್ಲ, ಎರಡನೆಯದೂ ಇಲ್ಲ. ಮಾಲೀಕ ಟ್ಯಾಬಿನ ಕಡೆ ನೋಡಿದ. ಅವಳು ಮಾಲೀಕನ ಕಡೆ ನೋಡಿದಳು. ಮಾಲೀಕ ಟೀ ಕುಡಿಯಲು ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ತಗಡನ್ನು ಕಾರಿನ ಮೈಗೆ ಒತ್ತಿ ಹಿಡಿದಾಗ, ತಗಡು ಎಲ್ಲಿ ಮುಗಿಯಿತು, ಕಾರು ಎಲ್ಲಿ ಶುರುವಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ಸಂಜೆ ಕಾರಿನವನು ಬಂದು, "ಬಣ್ಣ ಹೊಡೆದದ್ದು ಈ ಬಾಗಿಲಿಗಾ, ಆ ಬಾಗಿಲಿಗಾ?" ಎಂದು ಕೇಳಿದ.

ಅವತ್ತು ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಅವಳ ನಿಜವಾದ ಹೆಮ್ಮೆ ಆಮೇಲಿನದು. ಗೆದ್ದಾಗ ಯಾರು ಬೇಕಾದರೂ ಎದೆಯುಬ್ಬಿಸುತ್ತಾರೆ. ಅವನು ಟ್ಯಾಬಿಗೆ ಎಷ್ಟೋ ಸಲ ಸೋತ. ಸೋತರೂ ಮರುದಿನ ಮೊದಲು ತನ್ನದನ್ನೇ ಕಲಸಿದ. ತಲೆ ತಗ್ಗಿಸಲಿಲ್ಲ. ಸಾಯುವ ತನಕ ಹಾಗೇ ಇದ್ದ.

ಅವನು ಹೋದ ಮೇಲೆ ಮಾಲೀಕ ಮನೆಗೆ ಬಂದ.

"ಅತ್ತಿಗೆ, ಅಣ್ಣನ ಜಾಗಕ್ಕೆ ನೀವೇ ಬನ್ನಿ. ಟ್ಯಾಬು ಹೇಳುತ್ತೆ, ನೀವು ಕಲಸಿದ್ರೆ ಆಯ್ತು."

"ಬರ್ತೀನಿ. ಆದ್ರೆ ಮೊದಲು ನಾನು ಹೇಳೋದು, ಆಮೇಲೆ ಅದು."

"ನಿಮಗೆ ಬರುತ್ತಾ?"

"ಅವರು ಕೊಟ್ಟ ತಗಡೆಲ್ಲ ಹಿಡಿದು ನೋಡಿದವಳು ನಾನು. ಕಣ್ಣು ಮುಚ್ಚಿಕೊಂಡು ಹಿಡೀತಿದ್ನಾ?"

ಈಗ ಅವಳು ಕಲಸುತ್ತಾಳೆ. ಅವನಷ್ಟು ಬರುವುದಿಲ್ಲ. ಬಹಳ ಸಲ ತಪ್ಪುತ್ತಾಳೆ, ತಪ್ಪಿದ್ದನ್ನು ಎಲ್ಲರೆದುರೇ ಹೇಳುತ್ತಾಳೆ.

ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗ್ಯಾರೇಜಿನ ಬೀಗ ತೆಗೆಯುತ್ತಾಳೆ. ಹಿಂದಿನ ದಿನ ಉಜ್ಜಿ ತೆಗೆದ ಬಣ್ಣದ ಧೂಳೆಲ್ಲ ಕಲಸುವ ಮೇಜಿನ ಪಕ್ಕದ ಕಿಟಕಿಗೆ ಅಂಟಿ ಗಾಜು ಮಬ್ಬಾಗಿರುತ್ತದೆ. ಅವನಿದ್ದಾಗಲೂ ಅದನ್ನು ಒರೆಸುವುದು ಅವಳದೇ ಕೆಲಸ. ಹಳೆಯ ಪೇಪರನ್ನು ಒದ್ದೆ ಮಾಡಿ ಮೇಲಿನಿಂದ ಕೆಳಗೆ ಉಜ್ಜುತ್ತಾಳೆ. ಬೆರಳಿಗೆ ಬಟ್ಟೆ ಸುತ್ತಿ ಮೂಲೆ ಮೂಲೆ ಕೆರೆಯುತ್ತಾಳೆ. ಮೇಜಿನ ಮೇಲೆ ಬೆಳಕು ಚೆನ್ನಾಗಿ ಬೀಳುವ ತನಕ ಒರೆಸುತ್ತಾಳೆ.