ಜೋಹರಾಬಿಯವರು ಬಣ್ಣ ಒಪ್ಪಿಸಿದ್ದು

ಜೋಹರಾಬಿಯವರನ್ನು ಮೊದಲು ಕಂಡದ್ದು ಯಲಬುರ್ಗಿಯಿಂದ ಕುಕನೂರಿಗೆ ಬರುವ ಬಸ್ಸಿನಲ್ಲಿ. ಬೇಸಿಗೆಯ ಮಧ್ಯಾಹ್ನ. ಕಿಟಕಿಯ ಸರಳು ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ಮುಂದಿನ ಸೀಟಿನಲ್ಲಿ ಹಸಿರು ಸೀರೆಯುಟ್ಟ ಎತ್ತರದ ಹೆಂಗಸೊಬ್ಬರು ತೊಡೆಯ ಮೇಲೆ ಬಟ್ಟೆಯ ಚೀಲವಿಟ್ಟುಕೊಂಡು ಕುಳಿತಿದ್ದರು. ದಾರಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಅವರ ಮುಖ ನೋಡಿದ್ದೇ ತಡ, ಖಾಲಿ ಸೀಟು ಬಿಟ್ಟು ಅವರ ಕಾಲ ಬಳಿಯೇ ಕುಕ್ಕರಿಸಿದಳು.

“ಯವ್ವಾ ಫೌಜದಾರ್ತಿ, ನನ್ನ ಎರಡು ಆಡು ಯಾರೋ ಹೊಡ್ಕೊಂಡು ಹೋಗ್ಯಾರವ್ವಾ. ಠಾಣೇಕ ಒಬ್ಬಾಕಿನ ಹೋಗಾಕ ಅಂಜಿಕಿ ಬರ್ತೈತಿ.”

ಕಂಡಕ್ಟರ್ ನಕ್ಕ. “ಬೇ ಆಯಿ, ಅವರು ಟಿ.ವಿ. ಒಳಗಿನ ಫೌಜದಾರ್ತಿ ಬೇ. ಖರೇ ಪೊಲೀಸ್ ಅಲ್ಲ.”

“ಗೊತ್ತೈತಿ ಹೋಗೋ, ಭಾಳ ಶಾಣ್ಯಾ ಅದಿ,” ಎಂದಳು ಮುದುಕಿ. “ಟಿ.ವಿ. ಒಳಗ ಕೂತು ಅಷ್ಟು ಮಂದಿದು ಕೇಳಾಕಿ, ನಂದೊಂದು ಕೇಳಂಗಿಲ್ಲೇನು?”

ಬಸ್ಸಿಗೆ ಬಸ್ಸೇ ನಕ್ಕಿತು. ಜೋಹರಾಬಿಯವರು ಮಾತ್ರ ನಗಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು, “ಆಡಿನ ಕಿವಿಗೆ ಗುರುತು ಐತೇನಾಯಿ? ಕಡೀಕ ಯಾರು ನೋಡ್ಯಾರ?” ಎಂದು ಒಂದೊಂದಾಗಿ ಕೇಳತೊಡಗಿದರು. ಕುಕನೂರಿನಲ್ಲಿ ಇಳಿದವರು ಮನೆಯ ದಾರಿ ಹಿಡಿಯದೆ, ಮುದುಕಿಯ ಕೈ ಹಿಡಿದು ಠಾಣೆಯ ಕಡೆಗೆ ನಡೆದರು. ಆಡು ಸಿಕ್ಕವೋ ಇಲ್ಲವೋ ತಿಳಿಯದು. ಬಿಸಿಲಿನಲ್ಲಿ ಹೋಗುತ್ತಿದ್ದ ಆ ಇಬ್ಬರ ಬೆನ್ನು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದೆ.

ಆಗ ‘ಏಳನೆಯ ಹರಿಗೋಲು’ ಎಂಬ ಪತ್ತೇದಾರಿ ಧಾರಾವಾಹಿ ಮನೆಮನೆಯಲ್ಲೂ ಓಡುತ್ತಿತ್ತು. ವಿರೂಪಾಪುರಗಡ್ಡೆಯ ಬಂಡೆಗಳ ನಡುವೆ ಚಿತ್ರೀಕರಿಸಿದ ಕಥೆ ಅದು. ಹೊಳೆ ದಾಟುವ ಹರಿಗೋಲಿನಲ್ಲಿ ವಾರಕ್ಕೊಂದು ಸುಳಿವು ಬರುತ್ತಿತ್ತು. ಒಂದು ಚಪ್ಪಲಿ, ಒಂದು ಹೆಣ, ಒಮ್ಮೆ ಅಳುತ್ತಿದ್ದ ಕೂಸು. ಅದನ್ನೆಲ್ಲ ಬಿಡಿಸುವ ಫೌಜದಾರ ಚಂದ್ರವ್ವನ ಪಾತ್ರ ಜೋಹರಾಬಿಯವರದು. ಖಾಕಿ ತೊಟ್ಟು, ಎದುರಿನವನನ್ನು ನೋಡುತ್ತ ಅವರು ಸುಮ್ಮನೆ ನಿಲ್ಲುತ್ತಿದ್ದರು. ಆ ಮೌನಕ್ಕೆ ಕಳ್ಳ ತಾನಾಗಿ ಬಾಯಿ ಬಿಡುತ್ತಿದ್ದ. ಕುಷ್ಟಗಿಯ ಕಡೆ ಮಕ್ಕಳು ಸುಳ್ಳು ಹೇಳಿದರೆ ತಾಯಂದಿರು, “ಚಂದ್ರವ್ವನಂಗ ನೋಡ್ಲೇನು?” ಎಂದು ಗದರಿಸುವುದು ರೂಢಿಯಾಗಿತ್ತು.

ಮೌನವಾಗಿ ನಿಲ್ಲುವುದನ್ನು ಅವರು ಕಲಿತದ್ದು ನಾಟಕ ಕಂಪನಿಯಲ್ಲಿ. ತಂದೆ ಖಲಂದರಸಾಬರು ಕಂಪನಿಯ ಪರದೆ, ಪೋಷಾಕು ಹೊಲಿಯುತ್ತಿದ್ದವರು. ಗಂಗಾವತಿಯಲ್ಲಿ ಭತ್ತದ ಸುಗ್ಗಿ ಮುಗಿದಾಗ ಅಲ್ಲಿ ಕ್ಯಾಂಪು, ಆಮೇಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಿ. ಹೊಲಿಗೆಯ ಯಂತ್ರದ ಪಕ್ಕದಲ್ಲೇ ಬೆಳೆದ ಹುಡುಗಿ ಒಂದು ದಿನ ರಂಗದ ಮೇಲೂ ಬಂದಳು. ಅವಳನ್ನು ತಿದ್ದಿದವಳು ಕಂಪನಿಯ ಹಿರಿಯ ನಟಿ ಮುದುಕವ್ವ.

ಆ ಕಂಪನಿಯಲ್ಲಿ ಎರಡು ಕಟ್ಟಳೆಗಳಿದ್ದವು. ಪಾತ್ರವನ್ನು ಯಾರೂ ಬಾಯಿಬಿಟ್ಟು ಕೇಳಬಾರದು. ಅದು ತಾನಾಗಿ ಬರಬೇಕು. ಎರಡನೆಯದು, ಪಾತ್ರವನ್ನು ಬಿಡುವ ನಟಿ ಅದನ್ನು ಹೊಸಬಳಿಗೆ ‘ಬಣ್ಣ ಒಪ್ಪಿಸಬೇಕು’. ಎಂದರೆ, ತನ್ನ ಡಬ್ಬಿಯ ಬಣ್ಣವನ್ನು ಉಂಗುರ ಬೆರಳಿನಿಂದ ತೆಗೆದು ಅವಳ ಹಣೆಗೆ ಮೊದಲ ಬೊಟ್ಟು ಇಡಬೇಕು. ಒಮ್ಮೆ ಒಪ್ಪಿಸಿದ ಪಾತ್ರವನ್ನು ಮತ್ತೆ ಮುಟ್ಟುವಂತಿಲ್ಲ.

ಮುದುಕವ್ವ ತನ್ನ ರಾಣಿ ಪಾತ್ರದ ಬಣ್ಣವನ್ನು ಜೋಹರಾಳಿಗೆ ಒಪ್ಪಿಸಿದ ವರ್ಷವೇ ಒಂದು ಘಟನೆ ನಡೆಯಿತು. ಹೊಸ ಹುಡುಗಿಯ ರಾಣಿ ಜನರಿಗೆ ರುಚಿಸಲಿಲ್ಲ. ಥೇಟರು ಖಾಲಿ ಹೊಡೆಯಿತು. ಮಾಲಕರು ಮುದುಕವ್ವನ ಬಳಿ ಹೋಗಿ, ಮತ್ತೆ ನೀವೇ ನಿಲ್ಲಿರಿ ಎಂದು ಕೈ ಮುಗಿದರು. ಮುದುಕವ್ವನಿಗೆ ಆಗ ಹೊಟ್ಟೆಬಟ್ಟೆಗೂ ಕಷ್ಟವಿತ್ತು. ಆದರೂ, “ಹಚ್ಚಿದ ಬಣ್ಣ ಒರಿಸಿದ್ರ ಹುಡುಗಿ ಮುಖಾನ ಹೋಗತೈತ್ರಿ. ಕಲೀತಾಳ, ತಡೀರಿ,” ಎಂದುಬಿಟ್ಟಳು. ಪರದೆಯ ಹಿಂದೆ ನಿಂತು ಈ ಮಾತು ಕೇಳಿಸಿಕೊಂಡ ಜೋಹರಾ ಕಲಿತಳು. ಮುಂದೆ ದೊರೆತದ್ದೆಲ್ಲ, ಚಂದ್ರವ್ವನ ಖಾಕಿಯೂ ಸೇರಿ, ಆ ಒಂದು ಮಾತಿನಿಂದ ಬಂದದ್ದೆಂದು ಅವರು ನಂಬಿದ್ದರು.

ಧಾರಾವಾಹಿ ಮಾತ್ರ ನಡುವೆಯೇ ನಿಂತುಹೋಯಿತು. ಅದನ್ನು ತೋರಿಸುತ್ತಿದ್ದ ವಾಹಿನಿ ಮುಚ್ಚಿತು. ಕಡೆಯ ಕಂತಿನಲ್ಲಿ ಚಂದ್ರವ್ವ ಹರಿಗೋಲಿನಲ್ಲಿ ಕುಳಿತಿದ್ದಾಳೆ. ಹೊಳೆಯ ನಡುವೆ ಹರಿಗೋಲು ಗಿರಕಿ ಹೊಡೆಯುತ್ತಿದೆ. ಆಚೆ ದಂಡೆಯಲ್ಲಿ ತಲೆತುಂಬ ಮುಸುಕು ಹಾಕಿಕೊಂಡು ಯಾರೋ ನಿಂತಿದ್ದಾರೆ. ಚಂದ್ರವ್ವ ಅವರನ್ನು ಗುರುತಿಸುತ್ತಾಳೆ, ಕಣ್ಣು ತುಂಬುತ್ತದೆ. ಅಲ್ಲಿಗೆ ಮುಗಿಯಿತು. ದಂಡೆಯಲ್ಲಿದ್ದವರು ಯಾರೆಂದು ನೋಡುಗರಿಗೂ ತಿಳಿಯಲಿಲ್ಲ, ಕಣ್ಣು ತುಂಬಿಕೊಂಡ ಜೋಹರಾಬಿಯವರಿಗೂ ತಿಳಿಯಲಿಲ್ಲ. ನಿರ್ದೇಶಕರು ಹೇಳಿರಲಿಲ್ಲ, ಮುಂದೆ ಅವರೂ ತೀರಿಕೊಂಡರು.

ಗಂಡ ಶಬ್ಬೀರಸಾಬರು ತೀರಿಹೋದ ಮೇಲೆ ಜೋಹರಾಬಿಯವರು ಮಗಳು ಮುಬಾಶಿರಾಳೊಂದಿಗೆ ಕುಕನೂರಿನಲ್ಲಿ ನಾಟಕದ ಪೋಷಾಕು ಬಾಡಿಗೆ ಕೊಡುವ ಅಂಗಡಿ ಇಟ್ಟರು. ಹಳ್ಳಿಯ ನಾಟಕದವರು, ಶಾಲೆಯ ವಾರ್ಷಿಕ ಗ್ಯಾದರಿಂಗಿನವರು ಕಿರೀಟ, ಗದೆ, ಜರಿಯ ಅಂಗಿಗಳಿಗಾಗಿ ಬರುತ್ತಿದ್ದರು. ಬಂದವರೆಲ್ಲರದೂ ಒಂದೇ ಪ್ರಶ್ನೆ.

“ಅಕ್ಕಾರ, ದಂಡಿಮ್ಯಾಗ ನಿಂತಿದ್ದು ಯಾರ್ರಿ?”

ಅವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಒಬ್ಬನಿಗೆ, “ನಿಮ್ಮ ಅಪ್ಪ ಇದ್ನೋ, ಬಾಡಿಗಿ ಪೋಷಾಕು ತಿರುಗಿ ಕೊಡಲಾರದ ಓಡಿ ಹೋಗಿದ್ನಲ್ಲ,” ಎಂದರೆ, ಇನ್ನೊಬ್ಬನಿಗೆ ತಮ್ಮ ಅತ್ತೆ ಎಂದು ಹೇಳಿ ಕಳಿಸುತ್ತಿದ್ದರು. ಒಂದು ಖಾಕಿ ಅಂಗಿಯನ್ನು ಮಾತ್ರ ಬಾಡಿಗೆಗೆ ಕೊಡದೆ ಟ್ರಂಕಿನಲ್ಲಿಟ್ಟಿದ್ದರು. ಉಗಾದಿಯ ಮುಂದೆ ಒಮ್ಮೆ ತೆಗೆದು ಬಿಸಿಲಿಗೆ ಹಾಕುವರು.

ಹೀಗೆ ವರ್ಷಗಳು ಕಳೆದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು: ‘ಏಳನೆಯ ಹರಿಗೋಲು’ ಮತ್ತೆ ಬರುತ್ತದೆ, ಹೊಸಬರಿಗೆ ಅವಕಾಶವಿದೆ, ಗಂಗಾವತಿಯಲ್ಲಿ ಆಯ್ಕೆ ನಡೆಯುತ್ತದೆ. ನಿರ್ದೇಶಕ ಶರಣಬಸವ. ಹಳೆಯ ಧಾರಾವಾಹಿಯಲ್ಲಿ ಅವನು ಸಹಾಯಕನಾಗಿದ್ದ. ಜೋಹರಾಬಿಯವರಿಗೆ ಮಾತು ನೆನಪಿಸುತ್ತಿದ್ದವನು ಅವನೇ.

“ಅಮ್ಮಾ, ಫೋನ್ ಹಚ್ಚಿ ಕೊಡ್ತೀನಿ, ಕೇಳಿಬಿಡು,” ಎಂದಳು ಮುಬಾಶಿರಾ.

“ಏನಂತ ಕೇಳ್ಲಿ? ನನಗೊಂದು ಪಾತ್ರ ಹಾಕಪಾ ಅಂತನಾ?”

“ಹಾಕಪಾ ಅನಬ್ಯಾಡ. ಆರಾಮ ಇದ್ದೀಯೇನಪಾ ಅಂದ್ರ ಸಾಕು. ಉಳಿದದ್ದು ಅವರಿಗೆ ತಿಳೀತೈತಿ.”

“ಅದೂ ಕೇಳಿದಂಗನ ಆತು.”

ಆದರೆ ಅಂದು ಸಂಜೆಯೇ ಅವರು ಟ್ರಂಕು ತೆರೆದು ಖಾಕಿ ಅಂಗಿಯನ್ನು ಮೈಗೆ ಹಿಡಿದು ನೋಡಿಕೊಂಡರು. ಪಕ್ಕೆಯ ಹೊಲಿಗೆಯನ್ನು ಬಿಚ್ಚಿ ಸ್ವಲ್ಪ ಸಡಿಲ ಮಾಡಿದರು. ಮಗಳು ಕಂಡೂ ಕಾಣದವಳಂತೆ ಒಳಗೆ ಹೋದಳು. ಅಲ್ಲಿಂದ ಮುಂದೆ ಬೀದಿಯಲ್ಲಿ ಕಾರಿನ ಸದ್ದಾದರೆ ಜೋಹರಾಬಿಯವರ ಕೈಯ ಸೂಜಿ ನಿಲ್ಲುತ್ತಿತ್ತು. ಆಯ್ಕೆ ಮುಗಿಯಿತೆಂಬ ಸುದ್ದಿ ಬಂತು. ಹುಡುಗಿಯೊಬ್ಬಳು ಆಯ್ಕೆಯಾಗಿದ್ದಾಳೆ ಎಂಬುದೂ ಬಂತು. ಕಾರು ಬರಲಿಲ್ಲ. ಚಂದ್ರವ್ವ ಬೇರೆಯವರ ಪಾಲಾದಳೆಂದು ಅವರು ಒಳಗೊಳಗೇ ನಿಶ್ಚಯಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಕಾರು ಬಂತು.

ಶರಣಬಸವ ಕಾಲಿಗೆ ಬಿದ್ದ. ತಲೆ ಅರ್ಧ ನರೆತಿತ್ತು, ಕನ್ನಡಕ ಬಂದಿತ್ತು. ಜೊತೆಗೆ ನೀಳ ಕೊರಳಿನ ಹುಡುಗಿ.

“ಏನಪಾ, ಡೈರೆಕ್ಟರ್ ಆಗಿ ಹೊಟ್ಟಿ ಮುಂದ ಬಂತಲ್ಲ!” ಎಂದರು ಜೋಹರಾಬಿ.

“ನಿಮ್ಮ ಬೈಗುಳ ಇಲ್ದ ಸೊರಗೇನ್ರಿ ಅಕ್ಕಾರ. ಇದು ಊದಿದ್ದು.”

ನಗೆಯಾಡಿದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಹಳೆಯ ಕಾಲದ ಮಾತು ಬಂತು: ಹರಿಗೋಲು ಮಗುಚಿದ್ದು, ಕ್ಯಾಮರಾದವನನ್ನು ಕೋತಿ ಅಟ್ಟಿಸಿಕೊಂಡು ಬಂದದ್ದು. ಧಾರಾವಾಹಿಯ ಮಾತು ಮಾತ್ರ ಬರಲಿಲ್ಲ. ಜೋಹರಾಬಿಯವರು ಏಳುವಾಗ ಗೋಡೆ ಹಿಡಿದದ್ದನ್ನೂ, ಮೊಣಕಾಲು ಒತ್ತಿಕೊಂಡದ್ದನ್ನೂ ಶರಣಬಸವ ನೋಡುತ್ತಿದ್ದ. ಅವನು ನೋಡುವುದನ್ನು ಅವರೂ ಗಮನಿಸಿದರು.

ಕಡೆಗೆ ಅವನು ಹುಡುಗಿಯನ್ನು ಮುಂದೆ ಕರೆದ. “ಅಕ್ಕಾರ, ಇಕಿ ನೇತ್ರಾವತಿ, ಬೇವೂರಿನಾಕಿ. ನಿಮ್ಮನ್ನ ನೋಡಿನ ಕಲ್ತಾಳ. ಮೊದಲ ಇಕಿಗೆ ನಿಮ್ಮ ಆಶೀರ್ವಾದ ಆಗ್ಲಿ. ಆಮ್ಯಾಲ ಒಂದು ಮಾತು ಐತ್ರಿ, ಚಹಾ ಕುಡಕೋತ ಹೇಳ್ತೀನಿ.”

ಚಹಾ ಇನ್ನೂ ಒಲೆಯ ಮೇಲಿತ್ತು. ಆ ಒಂದು ಮಾತು ಯಾವುದೆಂದು ಜೋಹರಾಬಿಯವರಿಗೆ ಆಗಲೇ ತಿಳಿದಂತಾಗಿತ್ತು. ನಿಮಗೆ ವಯಸ್ಸಾಯಿತು, ಬೇಸರ ಮಾಡಿಕೊಳ್ಳಬೇಡಿ ಎಂದು ಅವನು ತಡವರಿಸುವುದನ್ನು ಕೇಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಕಿತ್ತುಕೊಳ್ಳುವ ಮೊದಲೇ ಕೊಟ್ಟುಬಿಟ್ಟರೆ ಕೊಟ್ಟ ಮರ್ಯಾದೆಯಾದರೂ ಉಳಿಯುತ್ತದೆ. ಅವರು ಒಳಗೆ ಹೋಗಿ ತಗಡಿನ ಡಬ್ಬಿ ತಂದರು. ಒಣಗಿದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಉಂಗುರ ಬೆರಳಿನಿಂದ ತಿಕ್ಕಿ, ನೇತ್ರಾವತಿಯ ಹಣೆಗೆ ಬೊಟ್ಟು ಇಟ್ಟರು.

“ಚಂದ್ರವ್ವನ್ನ ನಿನಗ ಒಪ್ಪಿಸೀನಿ ತಂಗಿ. ಚೆಂದಂಗ ನೋಡ್ಕೊ.”

ಹುಡುಗಿ ಬೆರಗಾಗಿ ಶರಣಬಸವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ್ದ. ಕಂಪನಿಯ ಕಟ್ಟಳೆಯನ್ನು ಅವನಿಗೆ ಹಿಂದೆ ಹರಿಗೋಲಿನಲ್ಲಿ ಕುಳಿತು ಹೇಳಿದವರು ಜೋಹರಾಬಿಯವರೇ. ಕನ್ನಡಕ ತೆಗೆದು ಒರೆಸಿಕೊಂಡ. ಚಹಾ ಕುಡಿದ. ಹೇಳುತ್ತೇನೆಂದ ಮಾತನ್ನು ಹೇಳಲಿಲ್ಲ. ಜೋಹರಾಬಿಯವರು ಕೇಳಲಿಲ್ಲ.

ನಿಜ ತಿಳಿದದ್ದು ಕೆಲವು ವಾರಗಳ ಮೇಲೆ. ನೇತ್ರಾವತಿ ಒಬ್ಬಳೇ ಬಂದು ಹೊಸ್ತಿಲ ಹತ್ತಿರವೇ ಕುಳಿತಳು.

“ಅಮ್ಮಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವ್ಯಾಕ ಒಲ್ಲೆ ಅಂದ್ರಿ?”

“ನಾ ಯಾವಾಗ ಒಲ್ಲೆ ಅಂದೆ?”

“ಚಂದ್ರವ್ವ ನೀವ ಇದ್ರೆಲ್ರಿ. ನಾ ನಿಮ್ಮ ಮಗಳು. ಸರ್ ಹಂಗ ಬರದಿದ್ರು. ಕಥಿ ಕಾರಿನ್ಯಾಗನ ಇತ್ತು. ಮೊದಲ ಮಗಳನ್ನ ತೋರಸೋಣು, ಆಮ್ಯಾಲ ಕೇಳೋಣು, ಮೊಣಕಾಲು ನೋವು ಅಂದ್ರ ಕುಂತ ಮಾಡೋ ಹಂಗ ಬರೀತೀನಿ ಅಂತ ದಾರಿ ತುಂಬ ಹೇಳಿದ್ರು. ನೀವು ಬಣ್ಣ ಇಟ್ಟುಬಿಟ್ರಿ. ಅಕ್ಕಾರು ಬಾಯಿಲೆ ಅನ್ನಲಾರದ ಒಲ್ಲೆ ಅಂದ್ರು ಅಂತ ಸರ್ ಕೊಪ್ಪಳದ ತನಕ ಮಾತಾಡ್ಲಿಲ್ರಿ.”

ಜೋಹರಾಬಿಯವರ ಕೈಯಲ್ಲಿದ್ದ ಜರಿಯ ಅಂಗಿ ಮಡಿಲಿಗೆ ಜಾರಿತು. ಅದನ್ನು ಎತ್ತಿಕೊಳ್ಳದೆ ಕೇಳಿದರು: “ಅಂದ್ರ ದಂಡಿಮ್ಯಾಗ ನಿಂತಿದ್ದು...”

“ಮಗಳ್ರಿ. ಸಣ್ಣಾಕಿದ್ದಾಗ ಕಳಕೊಂಡ ಮಗಳು.”

ನೇತ್ರಾವತಿಯಿಂದ ವಿಷಯ ತಿಳಿದು ಮರುದಿನ ಶರಣಬಸವ ಓಡಿ ಬಂದ. ಅಂಗಳದಲ್ಲಿ ನಿಂತೇ ಅಂಗಲಾಚಿದ. “ಅಕ್ಕಾರ, ಒಂದು ಬೊಟ್ಟು ಬಣ್ಣ ಅದು. ತೊಳದ್ರ ಹೋಗತೈತಿ. ಇನ್ನೂ ಏನೂ ಕೆಟ್ಟಿಲ್ಲ. ಬರ್ರಿ.”

ಮುಬಾಶಿರಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನೇತ್ರಾವತಿಯೂ, “ನಾ ಬಿಡ್ತೀನ್ರಿ ಅಮ್ಮಾರ, ಖುಷಿಲೆ ಬಿಡ್ತೀನಿ,” ಎಂದು ಹೇಳಿ ಕಳಿಸಿದ್ದಳು. ಆದರೆ ಅಷ್ಟರಲ್ಲಿ ಬೇವೂರಿನಲ್ಲಿ ಅವಳ ತಾಯಿ ಮನೆಮನೆಗೆ ಸಕ್ಕರೆ ಹಂಚಿ, ಮಗಳು ಚಂದ್ರವ್ವ ಆದಳೆಂದು ಹೇಳಿಯಾಗಿತ್ತು. ಜೋಹರಾಬಿಯವರು ಕಂಬಕ್ಕೆ ಒರಗಿ ನಿಂತರು. ಖಾಲಿ ಥೇಟರು ನೆನಪಾಯಿತು. ಪರದೆಯ ಆಚೆ ಮುದುಕವ್ವ ಆಡಿದ ಮಾತು ನೆನಪಾಯಿತು.

“ನನ್ನ ಹಣಿಮ್ಯಾಲಿನ ಬೊಟ್ಟು ಮುದುಕವ್ವ ಒರಿಸಲಿಲ್ಲಪಾ,” ಎಂದರು. “ನಾ ಹೆಂಗ ಒರಿಸ್ಲಿ?”

“ಹಂಗಾದ್ರ ಬ್ಯಾರೆ ಯಾವುದರ ಪಾತ್ರ?”

“ಚಂದ್ರವ್ವನ ಎದುರಿಗೆ ನಾ ಇನ್ಯಾರಾಗಿ ನಿಂದ್ರಲಿ, ಹೇಳು?”

ಅವನು ಹೋದ ಮೇಲೆ ಮಗಳು ಜಗಳಕ್ಕೆ ಬಂದಳು. “ಆರಾಮ ಇದ್ದೀಯೇನಪಾ ಅಂತ ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ಲ ಅಮ್ಮಾ!”

“ಆಗ್ತಿತ್ತು ನೋಡು,” ಎಂದರು ಜೋಹರಾಬಿ. ಇಂದಿಗೂ ಅವರನ್ನು ಕೊರೆಯುವುದು ಅದೇ. ಕಟ್ಟಳೆ ಮುರಿಯಲಿಲ್ಲ ಎಂಬುದಕ್ಕೆ ಅವರು ಕೊರಗುವುದಿಲ್ಲ. ಚಹಾ ಕುದಿಯುವಷ್ಟು ಹೊತ್ತು ತಡೆಯಲಾಗಲಿಲ್ಲವಲ್ಲ, ಎದುರಿನವನು ತಾನಾಗಿ ಬಾಯಿ ಬಿಡುವವರೆಗೆ ಸುಮ್ಮನೆ ನಿಲ್ಲುವುದನ್ನು ಊರಿಗೆಲ್ಲ ತೋರಿಸಿದ ಚಂದ್ರವ್ವ ತನ್ನ ಮನೆಯಲ್ಲೇ ಅದನ್ನು ಮರೆತಳಲ್ಲ ಎಂದು ಕೊರಗುತ್ತಾರೆ.

ಧಾರಾವಾಹಿ ಅವರಿಲ್ಲದೆ ಮತ್ತೆ ಆರಂಭವಾಯಿತು. ಚಂದ್ರವ್ವನಿಗೆ ಈಗ ಹರೆಯ ಬಂದಿದೆ. ಹೀಗಾಗಿ ದಂಡೆಯ ಮೇಲೆ ಮಗಳನ್ನು ನಿಲ್ಲಿಸಲು ಬರಲಿಲ್ಲ. ಮುಸುಕಿನೊಳಗಿದ್ದವನು ವಿಗ್ರಹ ಕದಿಯುವ ಕಳ್ಳ ಎಂದು ಮೊದಲ ಕಂತಿನಲ್ಲೇ ತೋರಿಸಿದರು. ನೇತ್ರಾವತಿ ಚೆನ್ನಾಗಿಯೇ ಮಾಡುತ್ತಾಳೆ. ಚಿತ್ರೀಕರಣದ ಹಿಂದಿನ ದಿನ ತಪ್ಪದೆ ಫೋನು ಮಾಡುತ್ತಾಳೆ. ಹರಿಗೋಲು ತಿರುಗುವಾಗ ಕಣ್ಣು ಎಲ್ಲಿ ನೆಡಬೇಕು, ಮಾತಿನ ನಡುವೆ ಎಷ್ಟು ನಿಲ್ಲಬೇಕು ಎಂಬುದನ್ನು ಇವರು ಹೇಳಿಕೊಡುತ್ತಾರೆ. ಖಾಕಿ ಅಂಗಿಯ ಪಕ್ಕೆಯನ್ನು ಮತ್ತೆ ಹಿಡಿದು ಹೊಲಿದು ಬೇವೂರಿಗೆ ಕಳಿಸಿಕೊಟ್ಟಿದ್ದಾರೆ.

ಈಗಲೂ ಅಂಗಡಿ ನಡೆಯುತ್ತದೆ. ಧಾರಾವಾಹಿ ಬರುವ ಹೊತ್ತಿಗೆ ಜೋಹರಾಬಿಯವರು ತಿರುಗಿ ಬಂದ ಪೋಷಾಕುಗಳಿಗೆ ಇಸ್ತ್ರಿ ಮಾಡುತ್ತಿರುತ್ತಾರೆ. ಪಕ್ಕದ ಚಹಾದಂಗಡಿಯ ಟಿ.ವಿ. ಸದ್ದು ಗೋಡೆ ದಾಟಿ ಬರುತ್ತದೆ. ನೇತ್ರಾವತಿ ಮಾತು ನಿಲ್ಲಿಸಿದಲ್ಲಿ ಇವರ ಇಸ್ತ್ರಿಯೂ ನಿಲ್ಲುತ್ತದೆ. ಅವಳು ಒಮ್ಮೊಮ್ಮೆ ಅವಸರ ಮಾಡುತ್ತಾಳೆ. ಇವರು ಇನ್ನೂ ಸ್ವಲ್ಪ ಹೊತ್ತು ಇಸ್ತ್ರಿಯನ್ನು ಎತ್ತಿ ಹಿಡಿದಿರುತ್ತಾರೆ.

ಮೊನ್ನೆ ಕುಷ್ಟಗಿಯ ಕಡೆಯ ನಾಟಕದವರು ಕಿರೀಟಕ್ಕೆ ಬಂದಿದ್ದರು. ಅವರಲ್ಲೊಬ್ಬ ಹಿರಿಯ, “ಅಕ್ಕಾರ, ಕಳ್ಳ ಅಂತ ತೋರ್ಸ್ಯಾರ, ನನ್ನ ಮನಸ ಒಪ್ಪವಲ್ದು. ಕಳ್ಳನ್ನ ನೋಡಿ ಯಾರರ ಕಣ್ಣೀರು ಹಾಕ್ತಾರೇನ್ರಿ? ಖರೇ ಹೇಳ್ರಿ, ಯಾರಿದ್ರು?” ಎಂದು ಕೇಳಿದ.

ಅಷ್ಟು ವರ್ಷ ಬಾಯಿಗೆ ಬಂದದ್ದನ್ನು ಹೇಳಿ ನಗಿಸುತ್ತಿದ್ದ ಜೋಹರಾಬಿಯವರಿಗೆ ಈಗ ಉತ್ತರ ಗೊತ್ತಿತ್ತು. ಅವರು ಕಿರೀಟದ ಧೂಳು ಒರೆಸಿ, ಕಾಗದದಲ್ಲಿ ಸುತ್ತಿ, ಅವನ ಕೈಗೆ ಕೊಟ್ಟರು.

“ಮಣಿ ಉದುರ್ತಾವು, ಹಗೂರಕ ಹಿಡೀರಿ,” ಎಂದು ಹೇಳಿ, ಮತ್ತೆ ಇಸ್ತ್ರಿ ಕೈಗೆ ತೆಗೆದುಕೊಂಡರು.