ಬಸಪ್ಪ ಕಾಕಾ ಹಾಮಾನ ಆದದ್ದು

ಆಗ ನನಗೆ ಒಂಬತ್ತು ವರ್ಷ. ಇದಾಗಿ ಅರವತ್ತು ವರ್ಷದ ಮೇಲಾಯಿತು. ಆ ಕಾಲ ಬಂಗಾರದಂಥದ್ದು ಎಂದು ನಾನೇನೂ ಹೇಳುವುದಿಲ್ಲ. ತಲೆಯಲ್ಲಿ ಹೇನು ಇದ್ದವು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆದರೆ ಕೂಡಿ ನಗುವುದಕ್ಕೆ ಮಂದಿ ಇದ್ದರು.

ನಾವು ಯೆಹೂದಿಗಳು, ಬೆನೆ ಇಸ್ರೇಲ್ ಮಂದಿ. ಬೈಲಹೊಂಗಲದಲ್ಲಿ ನಮ್ಮವು ನಾಲ್ಕೈದು ಮನೆ. ಸವದತ್ತಿ, ರಾಮದುರ್ಗದಲ್ಲಿ ಒಂದೆರಡು. ಅಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಪ್ರಾರ್ಥನೆಗೆ ಹಿಬ್ರೂ. ಮೂರನೆಯದು ದೇವರಿಗೆ ಮಾತ್ರ ತಿಳಿಯುತ್ತಿತ್ತು. ಪ್ರಾರ್ಥನೆಗೆಂದು ಬೇರೆ ಮಂದಿರ ಇರಲಿಲ್ಲ. ಹಬ್ಬ ಬಂತೆಂದರೆ ಎಲ್ಲರೂ ಬಸ್ಸು ಹತ್ತಿ ನಮ್ಮ ಪಡಸಾಲೆಗೇ ಬಂದು ಕೂಡುತ್ತಿದ್ದರು. ಪ್ರಾರ್ಥನೆ ಸ್ವಲ್ಪ, ಊಟ ಬಹಳ, ಮಾತು ಅದಕ್ಕಿಂತ ಬಹಳ.

ಹೋಳಿಯ ಹೊತ್ತಿಗೆ ನಮ್ಮ ಪೂರಿಮ್ ಹಬ್ಬ. ಅದರ ಕಥೆ ಇಷ್ಟೇ. ಪರ್ಷಿಯಾದ ಅರಸನ ಮಂತ್ರಿ ಹಾಮಾನ ಎಂಬುವನು ನಮ್ಮ ಜನರನ್ನೆಲ್ಲ ಒಂದೇ ದಿನ ಕೊಲ್ಲಿಸಲು ಹೊಂಚು ಹಾಕಿದ. ಅರಸನ ರಾಣಿ ಎಸ್ತೇರ ನಮ್ಮವಳೇ. ಅವಳು ಅದನ್ನು ತಪ್ಪಿಸಿದಳು. ಅಪ್ಪ ಪ್ರತಿವರ್ಷ ಇದನ್ನು ಹಿಬ್ರೂವಿನಲ್ಲಿ ಓದುತ್ತಿದ್ದ. ಹಾಮಾನನ ಹೆಸರು ಬಂದಾಗಲೆಲ್ಲ ನಾವು ತಾಟು, ಡಬ್ಬಿ ಬಡಿದು, ಆ ಹೆಸರು ಯಾರ ಕಿವಿಗೂ ಬೀಳದಂತೆ ಮಾಡಬೇಕು. ಅದು ಪದ್ಧತಿ. ಇಡೀ ಹಬ್ಬದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ.

ಆ ವರ್ಷ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸಿಟ್ಟಿಗೆದ್ದಳು. ಸಿಟ್ಟು ಬಂದರೆ ಆಯಿ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದಳು.

"ಓಣ್ಯಾನ ಹುಡುಗುರಿಗೆ ಕೀಚಕ ಗೊತ್ತು, ದುಶ್ಯಾಸನ ಗೊತ್ತು. ನಮ್ಮ ಹುಡುಗುರಿಗೆ ನಮ್ಮ ಕಥೀನ ಗೊತ್ತಿಲ್ಲ. ಈ ಸರತೆ ಓದೂದು ಸಾಕು, ದೊಡ್ಡಾಟ ಆಡಸೂನು!"

ಕಿರೀಟ ಹೊತ್ತು, ಹೆಜ್ಜೆ ಹಾಕಿ ಕುಣಿಯುವ ದೊಡ್ಡಾಟ ನಮ್ಮ ಕಡೆ ಊರೂರಿಗೂ ಇತ್ತು. ಅದನ್ನು ಕಲಿಸುವ ಮಾಸ್ತರ ಮೌಲಾ ಮಾಮಾ ನಮ್ಮ ಓಣಿಯವನೇ. ಆಯಿಯಿಂದ ಕಥೆ ಕೇಳಿಕೊಂಡು ಹಾಡು ಕಟ್ಟಿದ. ಎಸ್ತೇರ ಆಗಲು ಹುಡುಗಿಯರು ಜಡೆ ಹಿಡಿದು ಜಗಳಾಡಿದರು. ಹಾಮಾನ ಆಗಲು ಮಾತ್ರ ಯಾರೂ ಒಪ್ಪಲಿಲ್ಲ. ರಾಮದುರ್ಗದ ಚಿಕ್ಕಪ್ಪ ಖಡಾಖಂಡಿತ ಹೇಳಿಬಿಟ್ಟ:

"ಬೇಕಾದ್ರ ಅರಸನ ಕುದರಿ ಆಗತೇನಿ. ಅವ ಮಾತ್ರ ಆಗಾಂವಲ್ಲ."

ಕೊನೆಗೆ ಆಯಿ ಗೋಡೆಯಾಚೆ ಬಸಪ್ಪ ಕಾಕಾನನ್ನು ಕೂಗಿದಳು. ಕಾಕಾ ಒಕ್ಕಲುತನ ಮಾಡುವವ. ದೊಡ್ಡಾಟದಲ್ಲಿ ಖೂಳನ ಪಾತ್ರ ಎಂದರೆ ಅವನೇ. ಶನಿವಾರ ನಾವು ಬೆಂಕಿ ಮುಟ್ಟುವುದಿಲ್ಲ. ಅಂದು ಬಂದು ನಮ್ಮ ಒಲೆ ಹಚ್ಚಿಕೊಡುತ್ತಿದ್ದವನೂ ಅವನೇ. ಮಿಲ್ಕವ್ವಾ ಬಾ ಎಂದು ನನ್ನನ್ನು ಚಕ್ಕಡಿಯಲ್ಲಿ ಹೊಲಕ್ಕೆ ಕರೆದೊಯ್ದು ಹಸಿ ಕಡಲೆ ತಿನ್ನಿಸುತ್ತಿದ್ದ. "ಖೂಳನ ಪಾರ್ಟ ಹೌದಿಲ್ಲರಿ ಆಯಿ? ಮತ್ತ ಕೇಳೂದೇನೈತಿ!" ಎಂದು ಆಗಲೇ ಮೀಸೆ ತಿರುವಿದ.

ತಾಲೀಮಿನಲ್ಲಿ ನಾವು ಡಬ್ಬಿ ಬಡಿಯಲಿಲ್ಲ. ಅದು ಹಬ್ಬದ ದಿನದ್ದು. ಗದ್ದಲದ ವಿಷಯ ಕಾಕಾನಿಗೆ ಅಪ್ಪ ಹೇಳಿರುತ್ತಾನೆ ಎಂದು ಆಯಿ ತಿಳಿದಳು. ಆಯಿ ಹೇಳಿರುತ್ತಾಳೆ ಎಂದು ಅಪ್ಪ ತಿಳಿದ. ಯಾರೂ ಹೇಳಿರಲಿಲ್ಲ. ಪ್ರತಿವರ್ಷ ಗೋಡೆಯಾಚೆ ಸದ್ದು ಕೇಳುತ್ತಿದ್ದರೂ ಅದು ಯಾವ ಹೆಸರಿಗೆ ಎಂದು ಕಾಕಾನಿಗೆ ಗೊತ್ತಿರಲಿಲ್ಲ.

ದೂರದ ಊರಿನವರು ಸಂಜೆ ಬಸ್ಸಿಗೆ ಹೋಗಬೇಕಲ್ಲ, ಹೀಗಾಗಿ ಆಟ ಮಧ್ಯಾಹ್ನಕ್ಕೆ. "ಹಾಡಾಹಗಲ ದೊಡ್ಡಾಟ! ಬಣ್ಣ ಇಳದು ಬಾಯಾಗ ಬರತೈತಿ," ಎಂದು ಬೈಯುತ್ತಲೇ ಕಾಕಾ ಮುಖಕ್ಕೆ ಹಳದಿ ಅರದಾಳ ಬಳಿದುಕೊಂಡ. ಒಳಗೆ ಕರ್ಚಿಕಾಯಿ ಕರಿಯುವ ವಾಸನೆ. ಅಂಗಳದಲ್ಲಿ ನಮ್ಮವರು, ಅವರ ಹಿಂದೆ ಇಡೀ ಓಣಿ. ಕಾಕಾನ ಹೆಂಡತಿ ಗಂಗವ್ವ ಕಾಕಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಕುಳಿತಿದ್ದಳು.

ಕಾಕಾ ಕಾಲು ಅಪ್ಪಳಿಸಿದ, ನೆಲ ನಡುಗಿತು. ದೊಡ್ಡಾಟದ ರೀತಿಯಂತೆ ಸಾರಥಿಯಾದ ಮೌಲಾ ಮಾಮಾ ಕೇಳಿದ: "ಯಾರು ತಾವು? ತಮ್ಮ ನಾಮಾಂಕಿತವೇನು?"

"ಭಲೇ ಸಾರಥೀ! ನಮ್ಮ ನಾಮಾಂಕಿತ ಹಾಮಾ..."

ಬಡಿದೆವು ನೋಡಿ! ಡಬ್ಬಿ, ತಾಟು, ಪರಾತ. ಕಾಕಾ ಬೆದರಿ ಹಿಂದೆ ನೋಡಿದ. ದೊಡ್ಡಾಟದಲ್ಲಿ ಹೆಸರು ಹೇಳದ ಹೊರತು ಪಾತ್ರ ಮುಂದೆ ಹೆಜ್ಜೆ ಇಡುವಂತಿಲ್ಲ. ಮಾಮಾ ಮತ್ತೆ ಕೇಳಿದ, ಕಾಕಾ ಮತ್ತೆ ಹೇಳಿದ, ನಾವು ಮತ್ತೆ ಬಡಿದೆವು. ಇನ್ನೊಂದು ಸಲ ಗಂಟಲು ಹರಿಯುವಂತೆ ಕೂಗಿದ. ಈಗ ಓಣಿಯ ಹುಡುಗರೂ ಸೀಟಿ ಹೊಡೆದರು.

ಕಾಕಾ ಕಿರೀಟ ತೆಗೆದು ಒರಳಿನ ಮೇಲೆ ಇಟ್ಟ.

"ಕಟಕೋಳದಾಗ, ಸಾಲಹಳ್ಳ್ಯಾಗ ನನ್ನ ಪಾರ್ಟ ನೋಡಿ ಒನ್ಸ್ ಮೋರ್ ಅಂದಾರ. ನೀವು ಮನಿಗೆ ಕರದು, ಮೊಮ್ಮಕ್ಕಳ ಮುಂದ ಡಬ್ಬಿ ಬಡಿತೀರಿ!"

ಅಷ್ಟು ಹೇಳಿ ಹೊರಟೇ ಹೋದ. ಕಾಕಿಯೂ ಮೊಮ್ಮಕ್ಕಳ ರಟ್ಟೆ ಹಿಡಿದು ಹೋದಳು. ಅಂಗಳ ತಣ್ಣಗಾಯಿತು. ಆಟ ಕೆಟ್ಟರೆ ಕೆಡಲಿ, ಕಾಕಾ ಇನ್ನು ನಮ್ಮ ಹೊಸ್ತಿಲು ತುಳಿಯದಿದ್ದರೆ? ಆಯಿ ಸೆರಗು ಸಿಕ್ಕಿಸಿಕೊಂಡು ಅವರ ಮನೆಗೆ ನಡೆದಳು. ನಾನು ಹಿಂದೆ ಓಡಿದೆ, ಕೈಯಲ್ಲಿ ಇನ್ನೂ ಡಬ್ಬಿ ಬಡಿದ ಸೌಟು.

ಕಾಕಾ ಕೊಟ್ಟಿಗೆಯಲ್ಲಿ ಎತ್ತಿನ ಪಕ್ಕ ಕುಳಿತಿದ್ದ. ಬಣ್ಣ ಗದ್ದಕ್ಕೆ ಇಳಿದಿತ್ತು.

"ಬಸಪ್ಪಾ, ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಗದ್ದಲ ನಿನಗಲ್ಲೋ, ಆ ಹೆಸರಿಗೆ. ಅದು ಯಾರ ಕಿವ್ಯಾಗೂ ಬೀಳಬಾರದು. ನಮ್ಮ ಅಜ್ಜ ಮುತ್ತಜ್ಜರಿಂದ ಹಿಂಗ ನಡದೈತಿ."

"ಹಂಗಾರ ಪಾರ್ಟ ಚಲೋ ಮಾಡಿದ್ರೂ ಬಡಿತೀರೇನು?"

"ಚಲೋ ಮಾಡಿದ್ರ ಇನ್ನೂ ಜೋರ ಬಡಿತೇವಿ."

ಕಾಕಾ ನಂಬಲಿಲ್ಲ. ನನ್ನ ಕಡೆ ತಿರುಗಿದ. "ಮಿಲ್ಕವ್ವಾ, ನೀ ಖರೇ ಹೇಳು. ಯಾರಿಗೆ ಬಡದಿ?"

"ಹಾಮಾನಗ."

"ನನಗಲ್ಲ?"

"ನೀವು ಎಲ್ಲಿದ್ರಿ ಕಾಕಾ ಅಲ್ಲೆ? ನನಗ ಕಾಣಲೇ ಇಲ್ಲ."

ಸುಳ್ಳು ಹೇಳಿರಲಿಲ್ಲ. ಆ ಮುಖ, ಆ ಕಣ್ಣು ಕಂಡು ನಾನು ನಿಜಕ್ಕೂ ಅಂಜಿದ್ದೆ. ಕಾಕಾನ ಮೀಸೆ ಅಲುಗಾಡಿತು.

"ಕೇಳಿದೇನ ಗಂಗವ್ವಾ? ನಾ ಕಾಣಲೇ ಇಲ್ಲಂತ! ಏ, ಎಲ್ಲೈತಿ ನನ್ನ ಕಿರೀಟ?"

ಆಮೇಲೆ ನೋಡಬೇಕಿತ್ತು. ಸಾರಥಿ ಹೆಸರು ಕೇಳಿದ. ಕಾಕಾ "ಹಾ..." ಎಂದು ನಿಂತ. ನಾವು ಬಡಿದೆವು. ಕಿವಿ ತುರಿಸಿಕೊಂಡು, "ಹಾಲು ಕುಡದು ಬಂದೇನಿ ಅನ್ನಾಂವ ಇದ್ದೆ ಸಾರಥೀ," ಎಂದ. ಜನ ಉರುಳಾಡಿ ನಕ್ಕರು. ನಾವು ತಾಟು ಕೆಳಗಿಟ್ಟ ಗಳಿಗೆಗೇ ತಟಕ್ಕನೆ ಹೆಸರು ಹೇಳಿಬಿಡುತ್ತಿದ್ದ. ನಮ್ಮ ಕೈ ಸೋತವು, ಅವನ ಬಾಯಿ ಸೋಲಲಿಲ್ಲ. ಕೊನೆಗೆ ಮೌಲಾ ಮಾಮಾನ ಕಿವಿಯಲ್ಲಿ ಹೆಸರು ಊದಿದ ಮೇಲೆಯೇ ಕಥೆ ಮುಂದೆ ಸರಿಯಿತು. ಸಂಜೆ ಬಸ್ಸು ಹೋಯಿತು, ಯಾರೂ ಏಳಲಿಲ್ಲ. ಸವದತ್ತಿಯವರು, ರಾಮದುರ್ಗದವರು ನಮ್ಮ ಮನೆಯಲ್ಲೇ ಸಾಲಾಗಿ ಮಲಗಿದರು.

ಮುಂದೆ ನಮ್ಮವರು ಒಬ್ಬೊಬ್ಬರಾಗಿ ಮುಂಬೈಗೆ, ಇಸ್ರೇಲಿಗೆ ಹೋದರು. ನಾನು ಹೋಗಲಿಲ್ಲ, ಇಲ್ಲಿಯ ರೊಟ್ಟಿ ಅಲ್ಲಿ ಸಿಗುವುದಿಲ್ಲ. ಪೂರಿಮ್ ದಿನ ತಮ್ಮನ ಮಗ ಇಸ್ರೇಲಿನಿಂದ ಫೋನಿನಲ್ಲಿ ಅಲ್ಲಿಯ ಹಬ್ಬ ತೋರಿಸುತ್ತಾನೆ. ಗದ್ದಲ ನಮಗಿಂತ ಜೋರೇ ಇದೆ. ಇಲ್ಲಿಯ ನೆರೆಹೊರೆಯವರೂ ಒಳ್ಳೆಯವರೇ, ಎದುರಾದರೆ ನಮಸ್ಕಾರ ಮಾಡುತ್ತಾರೆ. ಆದರೆ ನಮ್ಮ ಹಬ್ಬದಲ್ಲಿ ಖೂಳನಾಗು ಬಾ ಎಂದು ಯಾರನ್ನು ಕರೆಯಲಿ? ಮುನಿಸಿಕೊಂಡು ಎದ್ದುಹೋಗಿ, ಅದೇ ಹೊತ್ತಿನಲ್ಲಿ ತಿರುಗಿ ಬರುವಷ್ಟು ಸಲುಗೆ ಈಗ ಯಾರಿಗೆ ಯಾರ ಮೇಲಿದೆ? ಕಳೆದದ್ದು ಅದು. ಉಳಿದದ್ದೆಲ್ಲ ಹೋದರೆ ಹೋಯಿತು.

ಆಟದ ಮರುದಿನ ಬೆಳಿಗ್ಗೆ ನಾನು ಮುಖ ಕೂಡ ತೊಳೆಯದೆ ಗೋಡೆ ಹಾರಿದೆ. ಕಾಕಾ ಸಗಣಿ ಬಾಚಿ ಬುಟ್ಟಿಗೆ ತುಂಬುತ್ತಿದ್ದ.

"ಮುಂದಿನ ವರ್ಷ ನಾ ಅವ ಆಗತೇನ್ರಿ," ಎಂದೆ.

"ಎಲ್ಲಾರೂ ಬಡಿತಾರ ನೋಡು."

"ಬಡೀಲಿ."

ಕಾಕಾ ಬುಟ್ಟಿ ಬದಿಗಿಟ್ಟು ಅಂಗಳ ಖಾಲಿ ಮಾಡಿಕೊಟ್ಟ. ನಾನು ಲಂಗ ಮೇಲೆತ್ತಿ ಕಟ್ಟಿ, ಎರಡು ಎತ್ತುಗಳ ಎದುರು ಕಾಲು ಅಪ್ಪಳಿಸಿದೆ.