ಹುಣಸೆಬೀಜದ ಬಿಳಿ ಮಗ್ಗುಲು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಾನೂ ಸುಧಕ್ಕನೂ ಕತ್ರಿಗುಪ್ಪೆಯ ಬಾಡಿಗೆ ಮನೆಯ ಕೆಂಪು ಗಾರೆ ನೆಲದ ಮೇಲೆ ಚೌಕಾಬಾರ ಆಡುತ್ತಿದ್ದೆವು. ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುವುದು ನನ್ನ ಕೆಲಸ. ಆ ಸುಟ್ಟ ವಾಸನೆ ಊಟದ ಹೊತ್ತಿಗೂ ಬೆರಳಲ್ಲೇ ಇರುತ್ತಿತ್ತು.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಬೀಜಗಳೆಲ್ಲ ಸ್ಪ್ಯಾನಿಷ್ ಪಾಲಾದವು. ಡಿಗ್ರಿ ಮುಗಿಸಿದ್ದ ಅಕ್ಕ ಜಯನಗರದಲ್ಲಿ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಊರಲ್ಲೇ, ಬಿಟಿಎಂ ಕಡೆಯ ಆಫೀಸೊಂದರಲ್ಲಿ ಕೆಲಸ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಪಾಸಾದ್ರೆ ಕೆಲ್ಸಕ್ಕೆ ಹೋಗು. ಇಲ್ಲಾಂದ್ರೆ ಬಳ್ಳಾರಿ ಗಂಡಿನವ್ರಿಗೆ ಹೂಂ ಅಂದ್ಬಿಡ್ತೀನಿ."

ಅಕ್ಕ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಪದಗಳನ್ನು ಬಿಡಿಸಿ ಬರೆದು, ಒಂದೊಂದು ತುಂಡಿನ ಕೆಳಗೆ ಒಂದೊಂದು ಬೀಜ ಇಡುತ್ತಿದ್ದಳು. ಒತ್ತಿ ಹೇಳಬೇಕಾದ ಕಡೆ ಮಾತ್ರ ಬಿಳಿ ಮಗ್ಗುಲು ಮೇಲೆ.

"ವೆನ್-ತಾ-ನ. ಹಂಗಂದ್ರೆ ಕಿಟಕಿ ಕಣೇ. ಎಲ್ಲಿ ಒತ್ತಬೇಕು?"

"ಮಧ್ಯದಲ್ಲಿ!"

"ಜಾಣಮರಿ."

ಪರೀಕ್ಷೆಯ ಹಿಂದಿನ ದಿನ ಅವಳು ಅಮ್ಮನಿಗೆ, "ಕೆಲ್ಸ ಸಿಕ್ರೆ ಅಲ್ಲೇ ಪಿಜಿಗೆ ಹೋಗ್ಬಿಡ್ತೀನಮ್ಮ" ಎಂದದ್ದು ನನ್ನ ಕಿವಿಗೆ ಬಿತ್ತು. ಅಕ್ಕನಿಲ್ಲದ ಮನೆಯಲ್ಲಿ ನಾನೊಬ್ಬಳೇ ಏನು ಮಾಡಲಿ? ಮಧ್ಯಾಹ್ನ ಅವಳು ಎರವಲು ತಂದಿದ್ದ ಪುಸ್ತಕವನ್ನು ಗೆಳತಿಗೆ ಕೊಟ್ಟುಬರಲು ಹೋದಾಗ ಕೂತು ಬೀಜಗಳನ್ನು ತಿರುವಿಹಾಕಿದೆ. ಎಲ್ಲವನ್ನೂ ಅಲ್ಲ, ಅಂದು ಬೆಳಿಗ್ಗೆ ಬರೆದ ಹೊಸ ಪದಗಳ ಕೆಳಗಿನವನ್ನು ಮಾತ್ರ. ಬಂದವಳು ಸಂಜೆಯವರೆಗೂ ಅದನ್ನೇ ಉರು ಹೊಡೆದಳು. ನಾನು ಎದುರಿಗೇ ಕೂತು ಚುರುಮುರಿ ತಿಂದೆ.

ಅಕ್ಕ ಫೇಲಾದಳು. "ಎಲ್ಲೆಲ್ಲೋ ಒತ್ತಿದೆ ಅಂದ್ರು" ಎಂದಷ್ಟೇ ಹೇಳಿ ಒದ್ದೆ ಬಟ್ಟೆ ತಂದು ನೆಲ ಒರೆಸಿದಳು. ಅಪ್ಪ ಬಳ್ಳಾರಿಗೆ ಫೋನ್ ಮಾಡಿದರು. ಶ್ರಾವಣದಲ್ಲಿ ಮದುವೆಯಾಯಿತು. ಬಿಟಿಎಂ ಆಗಿದ್ದರೆ ಭಾನುವಾರ ಭಾನುವಾರ ಬಂದುಹೋಗುತ್ತಿದ್ದಳು. ನನಗೆ ಅಷ್ಟೂ ಹೊಳೆದಿರಲಿಲ್ಲ.

ಈಗ ಆ ಮನೆಯಿಲ್ಲ, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅಕ್ಕ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬರುತ್ತಾಳೆ. ಕಳೆದ ಸಲ ಊಟಕ್ಕೆ ಕೂತಾಗ ಅವಳ ಮಗಳು ಕೇಳಿದಳು, "ನೀನ್ಯಾಕಮ್ಮ ಕೆಲ್ಸಕ್ಕೆ ಹೋಗ್ಲೇ ಇಲ್ಲ?"

"ನಾನು ದಡ್ಡಿ ಪುಟ್ಟಿ, ಆ ಭಾಷೆ ನಂಗೆ ಒಲೀಲಿಲ್ಲ," ಎಂದು ಅಕ್ಕ ನಕ್ಕಳು. "ನಿನ್ನ ಚಿಕ್ಕಮ್ಮ ಪಾಪ, ದಿನಾ ಪಕ್ಕದಲ್ಲೇ ಕೂತು ಎಷ್ಟು ಹೇಳ್ಕೊಟ್ಲು ಗೊತ್ತಾ?"

ನಾನು ಅವಳ ಒಬ್ಬಟ್ಟಿನ ಮೇಲೆ ತುಪ್ಪ ಬಡಿಸಿದೆ. ಸಾಕು ಸಾಕು ಎಂದರೂ ಬಡಿಸುತ್ತಲೇ ಇದ್ದೆ.